ಗ್ರಂಥಾಲಯದ ಬಾಗಿಲು ಮತ್ತು ಮನೆಯಿಲ್ಲದವನು: ಒಂದು ತೀರ್ಪಿನ ವಿಮರ್ಶೆ

೧

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನಕ್ಕೆ ಸೇರಿದ ಬ್ರಾಡಕ್ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ೧೮೮೯ರಲ್ಲಿ ಒಂದು ಗ್ರಂಥಾಲಯವು ತೆರೆಯಿತು. ಉದ್ಯಮಪತಿ ಆಂಡ್ರೂ ಕಾರ್ನೆಗಿಯು ಆ ದೇಶದಲ್ಲಿ ಕಟ್ಟಿಸಿಕೊಟ್ಟ ಗ್ರಂಥಾಲಯಗಳಲ್ಲಿ ಅದೇ ಮೊದಲನೆಯದು. ಆ ಕಟ್ಟಡದ ನೆಲಮಾಳಿಗೆಯಲ್ಲಿ ಸ್ನಾನಗೃಹವಿದ್ದಿತು. ಕುಲುಮೆಯ ಮಸಿಯನ್ನೂ ಬೆವರನ್ನೂ ಹೊತ್ತು ಬಂದ ಕೆಲಸಗಾರನು ಅಲ್ಲಿ ಮಿಂದು, ಮೆಟ್ಟಿಲೇರಿ, ಓದುವ ಕೋಣೆಯನ್ನು ಸೇರಬಹುದಾಗಿದ್ದಿತು. ಇದಾದ ಸರಿಯಾಗಿ ನೂರು ವರ್ಷಗಳ ತರುವಾಯ, ಎಂದರೆ ೧೯೮೯ರಲ್ಲಿ, ನ್ಯೂ ಜೆರ್ಸಿ ಸಂಸ್ಥಾನದ ಮಾರಿಸ್‌ಟೌನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯವು ಒಂದು ನಿಯಮಾವಳಿಯನ್ನು ಹೊರಡಿಸಿತು. ಯಾವನ ಮೈಯ ಕೊಳೆಯೂ ದುರ್ಗಂಧವೂ ಇತರರಿಗೆ ಉಪದ್ರವವಾಗುವಂತಿರುವುದೋ ಅವನು ಕಟ್ಟಡವನ್ನು ಬಿಟ್ಟು ಹೊರಡತಕ್ಕದ್ದೆಂಬುದು ಅದರ ವಿಧಿಗಳಲ್ಲೊಂದು.

ಈ ಎರಡು ವರ್ಷಗಳ ನಡುವೆ ನಡೆದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಮರ್ಶೆಗಾಗಿ ನಾವು ಮುಖ್ಯವಾಗಿ ಆರಿಸಿಕೊಂಡಿರುವುದು, ಆ ನಿಯಮಾವಳಿಯಿಂದ ಹುಟ್ಟಿದ ವ್ಯಾಜ್ಯದಲ್ಲಿ ೧೯೯೨ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಕೊಟ್ಟ ತೀರ್ಪನ್ನು. ಅದರ ಜತೆಗೆ, ಅದೇ ವಿಷಯವನ್ನು ಕಥಾವಸ್ತುವಾಗಿ ಉಳ್ಳ ‘ದಿ ಪಬ್ಲಿಕ್’ ಎಂಬ ೨೦೧೮ರ ಚಲಚ್ಚಿತ್ರವನ್ನೂ ಪರಿಶೀಲಿಸುತ್ತೇವೆ. ತೀರ್ಪು ನ್ಯಾಯಶಾಸ್ತ್ರದ ದೃಷ್ಟಿಯಿಂದ ಸಾಧುವೋ ಅಲ್ಲವೋ ಎಂಬ ಪ್ರಶ್ನೆಯನ್ನು ನ್ಯಾಯವಿದರಿಗೆ ಬಿಡೋಣ. ತೀರ್ಪೂ ಒಂದು ಐತಿಹಾಸಿಕ ಲೇಖವೇ. ಅದು ಗ್ರಂಥಾಲಯ ಏನಾಗಿತ್ತು, ಯಾರಿಗಾಗಿ ಇತ್ತು ಎಂಬ ಬಗೆಗೆ ಕೆಲವು ಸಂಗತಿಗಳನ್ನು ಸಿದ್ಧವೆಂದು ಭಾವಿಸಿ ಮುಂದೆ ಸಾಗುತ್ತದೆ. ಆ ಭಾವನೆಗಳು ಇತಿಹಾಸದ ಒರೆಗಲ್ಲಿಗೆ ನಿಲ್ಲುತ್ತವೆಯೇ ಎಂದು ಕೇಳುವ ಅಧಿಕಾರ ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಉಂಟು.

೨

ಮೊದಲು ವ್ಯಾಜ್ಯದ ಸಂಗತಿಗಳನ್ನು ಸಂಗ್ರಹವಾಗಿ ಹೇಳುವುದು ಯುಕ್ತ. ಮಾರಿಸ್‌ಟೌನ್ ನ್ಯೂಯಾರ್ಕ್ ನಗರಕ್ಕೆ ಪಶ್ಚಿಮದಲ್ಲಿ ಸುಮಾರು ಮೂವತ್ತು ಮೈಲಿಗಳ ದೂರದಲ್ಲಿರುವ ಊರು. ನಮ್ಮ ವಿದ್ಯಾರ್ಥಿಗಳಿಗೆ ಅದು ಬೇರೊಂದು ಕಾರಣದಿಂದ ಪರಿಚಿತವಾಗಿರಬೇಕು. ಅಮೆರಿಕದ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ವಾಷಿಂಗ್ಟನ್ನನ ಸೈನ್ಯವು ೧೭೭೯-೮೦ರ ಘೋರವಾದ ಚಳಿಗಾಲವನ್ನು ಕಳೆದುದು ಅದರ ನೆರೆಯಲ್ಲಿಯೇ. ತಕ್ಕಷ್ಟು ಅನ್ನವಿಲ್ಲದೆ, ಬಟ್ಟೆಯಿಲ್ಲದೆ, ಪಾದರಕ್ಷೆಯಿಲ್ಲದೆ ನರಳಿದ ಆ ಸೈನಿಕರ ಬೀಡಿನ ನೆಲವನ್ನು ೧೯೩೩ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಸಂರಕ್ಷಿಸಲಾಯಿತು. ಆ ಬಗೆಯ ಉದ್ಯಾನಗಳಲ್ಲಿ ಅದೇ ಮೊದಲನೆಯದು.

ಈ ಊರಿನಲ್ಲಿ ೧೯೮೦ರ ದಶಕದ ಕೊನೆಯಲ್ಲಿ ರಿಚರ್ಡ್ ಕ್ರೈಮರ್ ಎಂಬ ಮನೆಯಿಲ್ಲದ ಮನುಷ್ಯನೊಬ್ಬನು ಗ್ರಂಥಾಲಯಕ್ಕೆ ಬರುತ್ತಿದ್ದನು. ಅವನು ಓದುತ್ತಲೂ ಇದ್ದನು, ಸುಮ್ಮನೆ ಕುಳಿತಿರುತ್ತಲೂ ಇದ್ದನು. ಇತರರನ್ನು ದಿಟ್ಟಿಸಿ ನೋಡುತ್ತಾನೆ, ಹಿಂಬಾಲಿಸುತ್ತಾನೆ, ಅವನ ಮೈಯ ವಾಸನೆ ಸಹಿಸಲಸಾಧ್ಯ ಎಂಬ ದೂರುಗಳು ಗ್ರಂಥಾಲಯದ ಸಿಬ್ಬಂದಿಯಿಂದ ಬಂದವು. ೧೯೮೯ರ ಮೇ ತಿಂಗಳಿನಲ್ಲಿ ಗ್ರಂಥಾಲಯವು ನಿಯಮಗಳನ್ನು ರಚಿಸಿ, ಜುಲೈಯಲ್ಲಿ ಅವುಗಳನ್ನು ತಿದ್ದಿತು. ಅವುಗಳಲ್ಲಿ ನಮಗೆ ಮುಖ್ಯವಾದುವು ಮೂರು. ಓದುವುದು, ಅಭ್ಯಾಸ ಮಾಡುವುದು ಅಥವಾ ಗ್ರಂಥಾಲಯದ ಸಾಮಗ್ರಿಯನ್ನು ಬಳಸುವುದು, ಇವುಗಳಲ್ಲಿ ತೊಡಗಿರದವನು ಹೊರಡಬೇಕೆಂಬುದು ಒಂದು. ಇತರ ವಾಚಕರಿಗೆ ಕಿರುಕುಳವನ್ನುಂಟುಮಾಡಬಾರದೆಂಬುದು ಎರಡನೆಯದು. ಮೂರನೆಯದು ಮೇಲೆ ಹೇಳಿದ ದೇಹಶುದ್ಧಿಯ ನಿಯಮ. ಅಂಗಿಯೂ ಪಾದರಕ್ಷೆಯೂ ಇಲ್ಲದವನು ಒಳಗೆ ಬರಕೂಡದೆಂಬುದೂ ಅದರಲ್ಲಿಯೇ ಸೇರಿದೆ.

ಕ್ರೈಮರನು ನ್ಯಾಯಸ್ಥಾನದ ಮೊರೆಹೊಕ್ಕನು. ೧೯೯೧ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಲೀ ಸರೋಕಿನ್ ಅವರು ಆ ನಿಯಮಗಳು ಅಸ್ಪಷ್ಟವೂ ಅತಿವ್ಯಾಪ್ತವೂ ಆಗಿರುವುದರಿಂದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿದರು. ವಸತಿಹೀನರು ನಮ್ಮ ಕಣ್ಣಿಗೂ ಮೂಗಿಗೂ ತಾಗಬಾರದೆಂದಿದ್ದರೆ ಕಿತ್ತುಹಾಕಬೇಕಾದುದು ಅವರ ದುಃಸ್ಥಿತಿಯನ್ನೇ ಹೊರತು ಅವರ ಗ್ರಂಥಾಲಯದ ಹಕ್ಕನ್ನಲ್ಲ ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ. ೧೯೯೨ರ ಮಾರ್ಚಿಯಲ್ಲಿ ಮೂರನೆಯ ವಲಯದ ಮೇಲ್ಮನವಿ ನ್ಯಾಯಸ್ಥಾನವು ಇದನ್ನು ತಳ್ಳಿಹಾಕಿ ನಿಯಮಗಳು ಸಿಂಧುವೆಂದು ಸಾರಿತು. ಅಷ್ಟರಲ್ಲಿ ಊರಿನ ಆಡಳಿತವೂ ಗ್ರಂಥಾಲಯದ ವಿಮಾಸಂಸ್ಥೆಯೂ ಕ್ರೈಮರನೊಡನೆ ಹಣದ ಮೂಲಕ ರಾಜಿಮಾಡಿಕೊಂಡಿದ್ದವು. ಆದುದರಿಂದ ಈ ಪ್ರಕರಣದಲ್ಲಿ ಮನುಷ್ಯನಿಗೆ ಪರಿಹಾರವು ದೊರೆಯಿತು, ನಿಯಮಕ್ಕೆ ಜಯವು ದೊರೆಯಿತು ಎನ್ನಬಹುದು. ಮುಂದೆ ಉಳಿದುದು ನಿಯಮವೇ.

೩

ತೀರ್ಪಿನ ಗುಣವನ್ನು ಮೊದಲು ಹೇಳದೆ ದೋಷವನ್ನು ಎತ್ತುವುದು ನ್ಯಾಯವಾಗಲಾರದು. ವಾಕ್‌ಸ್ವಾತಂತ್ರ್ಯವೆಂಬುದು ಹೇಳುವ ಹಕ್ಕು ಮಾತ್ರವಲ್ಲದೆ ತಿಳಿಯುವ ಹಕ್ಕೂ ಹೌದು. ತಿಳಿಯುವ ಹಕ್ಕಿನಲ್ಲಿ ಸಾರ್ವಜನಿಕ ಗ್ರಂಥಾಲಯವನ್ನು ಪ್ರವೇಶಿಸುವ ಒಂದಿಷ್ಟು ಹಕ್ಕು ಅಡಗಿದೆ ಎಂದು ಈ ತೀರ್ಪು ಸ್ಪಷ್ಟವಾಗಿ ಒಪ್ಪಿಕೊಂಡಿತು. ಇದು ಸಣ್ಣ ಮಾತಲ್ಲ. ಸೋತವನ ಮೊಕದ್ದಮೆಯಿಂದಲೇ ಎಲ್ಲ ವಾಚಕರಿಗೂ ಸಲ್ಲುವ ಒಂದು ತತ್ತ್ವವು ಸ್ಥಾಪಿತವಾಯಿತು.

ಆದರೆ ಹಕ್ಕನ್ನು ಒಂದು ಕೈಯಿಂದ ಕೊಟ್ಟ ನ್ಯಾಯಸ್ಥಾನವು ಅದರ ಮೇರೆಯನ್ನು ಎರಡು ಊಹೆಗಳಿಂದ ಗೆರೆಯೆಳೆದು ನಿರ್ಣಯಿಸಿತು. ಗ್ರಂಥಾಲಯವು ಬೀದಿಯಂತೆ ಅಥವಾ ಉದ್ಯಾನದಂತೆ ಸಕಲ ವ್ಯವಹಾರಗಳಿಗೂ ತೆರೆದ ಸ್ಥಳವಲ್ಲ, ಓದುಬರೆಹಗಳೆಂಬ ನಿಯತವಾದ ಉದ್ದೇಶಕ್ಕೆ ಮಾತ್ರ ತೆರೆದುದು ಎಂಬುದು ಮೊದಲನೆಯ ಊಹೆ. ದೇಹದ ಅಶುದ್ಧಿಯೂ ಗದ್ದಲದಂತೆ, ಕಿರುಕುಳದಂತೆ, ಮನುಷ್ಯನು ತಾನೇ ಬಿಟ್ಟುಕೊಡಬಹುದಾದ ಒಂದು ವರ್ತನೆ. ಅದನ್ನು ಸರಿಪಡಿಸಿಕೊಂಡವನು ಮತ್ತೆ ಒಳಗೆ ಬರಬಹುದು ಎಂಬುದು ಎರಡನೆಯದು. ಈ ಎರಡೂ ಊಹೆಗಳು ಇತಿಹಾಸದ ಸಮರ್ಥನೆಯಿಲ್ಲದವು ಎಂಬುದೇ ನಮ್ಮ ವಾದ.

೪

ಮೊದಲನೆಯದನ್ನು ನೋಡೋಣ. ಬ್ರಾಡಕ್ಕಿನ ಗ್ರಂಥಾಲಯದಲ್ಲಿ ಪುಸ್ತಕಗಳೊಡನೆ ಸ್ನಾನಗೃಹವಿದ್ದಿತೆಂದು ಹೇಳಿದೆವು. ೧೮೯೩ರಲ್ಲಿ ಅದನ್ನು ವಿಸ್ತರಿಸಿದಾಗ ಸಂಗೀತಶಾಲೆ, ವ್ಯಾಯಾಮಶಾಲೆ, ಈಜುಕೊಳಗಳೂ ಅದರೊಳಗೆ ಬಂದವು. ಆ ಗ್ರಂಥಾಲಯದ ಉದ್ದೇಶವು ಕೇವಲ ಓದು ಎಂದು ಅದರ ಸ್ಥಾಪಕನೇ ಭಾವಿಸಿರಲಿಲ್ಲ. ಪುಸ್ತಕದ ಬಳಿಗೆ ಬರುವವನ ದೇಹವೂ ಗ್ರಂಥಾಲಯದ ಹೊಣೆಯ ಒಳಗೆ ಸೇರಿತ್ತು.

ಆದರೆ ಆ ಹಳೆಯ ಕಾಲವನ್ನು ಸತ್ಯಯುಗವೆಂದು ವರ್ಣಿಸುವ ತಪ್ಪನ್ನು ನಾವು ಮಾಡಬಾರದು. ಕಾರ್ನೆಗಿಯ ಔದಾರ್ಯಕ್ಕೆ ಇನ್ನೊಂದು ಮುಖವಿದ್ದಿತು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನಿಗೆ ಓದಲು ಹೊತ್ತೆಲ್ಲಿಯದು ಎಂಬ ಪ್ರಶ್ನೆ ಆಗಲೇ ಇತ್ತು. ೧೮೯೨ರಲ್ಲಿ ನೆರೆಯ ಹೋಮ್‌ಸ್ಟೆಡ್ಡಿನಲ್ಲಿ ಅದೇ ಉದ್ಯಮಪತಿಯ ಕಾರ್ಖಾನೆಯ ಕೆಲಸಗಾರರಿಗೂ ಕಂಪನಿಯು ಬಾಡಿಗೆಗೆ ತಂದ ಕಾವಲು ಪಡೆಗೂ ನಡೆದ ಕಾಳಗದಲ್ಲಿ ಎರಡು ಕಡೆಯವರೂ ಸತ್ತರು, ಕೆಲಸಗಾರರ ಸಂಘವು ಮುರಿಯಿತು. ಸ್ನಾನದ ನೀರು ಸಿಕ್ಕಿದುದು ಕಾರ್ಖಾನೆಗೆ ಬೇಕಾಗಿದ್ದ ದೇಹಕ್ಕೆ ಎಂಬುದನ್ನು ಮರೆಯಲಾಗದು.

ಇಂಗ್ಲೆಂಡಿನ ಕಥೆಯೂ ಹೀಗೆಯೇ ಮಿಶ್ರವಾದುದು. ೧೮೫೦ರ ಗ್ರಂಥಾಲಯ ಶಾಸನದ ಬೆಂಬಲಿಗರು ಕೆಲಸಗಾರನನ್ನು ಹೆಂಡದಂಗಡಿಯಿಂದ ಓದುವ ಕೋಣೆಗೆ ಸೆಳೆಯಬೇಕೆಂದು ವಾದಿಸಿದರು. ಅವನು ಬಂದನು, ಅವನ ಜತೆಗೆ ಕೆಲಸವಿಲ್ಲದವನೂ ಬಂದನು. ಬೆಚ್ಚಗಿನ ಕೋಣೆ, ಪುಕ್ಕಟೆಯಾದ ವೃತ್ತಪತ್ರಿಕೆ, ಕೆಲಸ ಖಾಲಿ ಇರುವ ಜಾಹೀರಾತು, ಕುದುರೆ ಜೂಜಿನ ಸುದ್ದಿ, ಎಲ್ಲವೂ ಅಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೆಲವು ಗ್ರಂಥಾಲಯಗಳು ಜೂಜಿನ ಸುದ್ದಿಗೆ ಮಸಿ ಬಳಿದು ಪತ್ರಿಕೆಯನ್ನು ಹೊರಗಿಡತೊಡಗಿದವು. ಸೋಮಾರಿಗಳು ಸೇರದಿರಲೆಂಬುದೇ ಅದರ ಉದ್ದೇಶ.

ಆದಕಾರಣ ಇತಿಹಾಸವು ನಮಗೆ ತೋರಿಸುವುದು ಇದು: ಸಾರ್ವಜನಿಕ ಗ್ರಂಥಾಲಯವು ಹುಟ್ಟಿನಿಂದಲೂ ಬಡವನನ್ನು ಕರೆದಿದೆ, ಬಂದ ಬಡವನನ್ನು ಕಂಡು ಅಂಜಿಯೂ ಇದೆ. ಅದರ ಉದ್ದೇಶವೆಂಬುದು ಈ ಎರಡು ಭಾವಗಳ ತಿಕ್ಕಾಟದಲ್ಲಿ ಕಾಲಕಾಲಕ್ಕೆ ನಿರ್ಣಯವಾಗುತ್ತ ಬಂದುದು. ೧೯೯೨ರ ನ್ಯಾಯಸ್ಥಾನವು ಆ ತಿಕ್ಕಾಟದ ಒಂದು ಪಕ್ಷವನ್ನು ಎತ್ತಿಕೊಂಡು ಅದನ್ನೇ ಸಂಸ್ಥೆಯ ಸ್ವಭಾವವೆಂದು ಕರೆಯಿತು.

೫

ಎರಡನೆಯ ಊಹೆಗೆ ಬರೋಣ. ಅಶುದ್ಧಿಯು ಬಿಡಬಹುದಾದ ವರ್ತನೆಯಾಗಬೇಕಾದರೆ, ಬಿಡುವುದಕ್ಕೆ ನೀರೂ ಬಾಗಿಲುಳ್ಳ ಒಂದು ಕೋಣೆಯೂ ಇರಬೇಕು. ಅಂಥ ಕೋಣೆಗಳು ಅಮೆರಿಕದ ನಗರಗಳಲ್ಲಿ ಎಲ್ಲಿ ಹೋದವು?

ವಸತಿಹೀನನು ಗ್ರಂಥಾಲಯಕ್ಕೆ ಬಂದುದರ ಕಾರಣವನ್ನು ಗ್ರಂಥಾಲಯದ ಒಳಗೆ ಹುಡುಕಿ ಫಲವಿಲ್ಲ. ನ್ಯೂಯಾರ್ಕಿನ ಉದಾಹರಣೆಯೇ ಇದಕ್ಕೆ ಸಾಕು. ಆ ನಗರದಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಒಂಟಿಕೋಣೆಯ ವಸತಿಗೃಹಗಳು ಹೇರಳವಾಗಿದ್ದವು. ಒಂದು ಮಂಚ ಹಿಡಿಯುವಷ್ಟು ಕೋಣೆ, ಸಾಲಿಗೆಲ್ಲ ಸೇರಿ ಒಂದು ಬಚ್ಚಲು, ವಾರದ ಬಾಡಿಗೆ. ಒಬ್ಬಂಟಿಯಾದ ಮುದುಕ, ಹಂಗಾಮಿ ಕೂಲಿ, ಸೇವೆಯಿಂದ ಬಿಡುಗಡೆಯಾದ ಸಿಪಾಯಿ ಇಂಥವರು ಅಲ್ಲಿ ಕಾಲಹಾಕುತ್ತಿದ್ದರು. ಇವು ಹೀನವಾದ ವಸತಿಗಳೆಂದು ೧೯೫೦ರ ದಶಕದಲ್ಲಿ ನಗರವು ಹೊಸದಾಗಿ ಅವುಗಳನ್ನು ನಿರ್ಮಿಸುವುದನ್ನು ನಿಷೇಧಿಸಿತು. ೧೯೭೦ರ ದಶಕದಲ್ಲಿ, ಇದ್ದ ವಸತಿಗೃಹಗಳನ್ನು ಅನುಕೂಲಸ್ಥರ ಮನೆಗಳಾಗಿ ಮಾರ್ಪಡಿಸಿದ ಮಾಲಿಕರಿಗೆ ತೆರಿಗೆಯ ರಿಯಾಯಿತಿ ದೊರೆಯಿತು. ಅವುಗಳು ವೇಗವಾಗಿ ಅಳಿಯುತ್ತಿರುವುದನ್ನು ಕಂಡು ನಗರವು ೧೯೮೭ರಲ್ಲಿ ಮಾರ್ಪಾಟನ್ನೂ ಕೆಡಹುವುದನ್ನೂ ತಡೆಯುವ ಕಾನೂನನ್ನು ಮಾಡಿತು. ಅದು ಮಾಲಿಕರ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಂಡಂತೆ ಎಂದು ಆ ಸಂಸ್ಥಾನದ ಅತ್ಯುನ್ನತ ನ್ಯಾಯಸ್ಥಾನವು ೧೯೮೯ರಲ್ಲಿ ಅದನ್ನು ರದ್ದುಪಡಿಸಿತು. ಮಾರಿಸ್‌ಟೌನಿನ ನಿಯಮಾವಳಿಯೂ ಆ ವರ್ಷದ್ದೇ.

ಈ ಬಗೆಯ ಮಾರ್ಪಾಟಿಗೆ ಇಂಗ್ಲಿಷಿನಲ್ಲಿ ‘ಜೆಂಟ್ರಿಫಿಕೇಷನ್’ ಎಂಬ ಹೆಸರನ್ನು ೧೯೬೪ರಲ್ಲಿ ಕೊಟ್ಟವರು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ. ಲಂಡನ್ನಿನ ದುಡಿಯುವವರ ಕೇರಿಗಳಿಗೆ ಉಳ್ಳವರು ಬಂದು ನೆಲಸಿ, ಮನೆಗಳು ಚೆಲುವಾಗಿ, ಬಾಡಿಗೆಗಳು ಏರಿ, ಮೊದಲಿದ್ದವರು ಒಬ್ಬೊಬ್ಬರಾಗಿ ಹೊರಬಿದ್ದುದನ್ನು ಅವರು ಗುರುತಿಸಿದರು. ಕನ್ನಡದಲ್ಲಿ ನಾವಿದನ್ನು ‘ಉಳ್ಳವರ ಮರುನೆಲಸಿಕೆ’ ಎಂದು ಕರೆಯಬಹುದು. ಕೇರಿಯ ಅಂದವು ಹೆಚ್ಚುವುದು ಎಲ್ಲರಿಗೂ ಕಾಣುತ್ತದೆ. ಹೊರಬಿದ್ದವನು ಎಲ್ಲಿಗೆ ಹೋದನೆಂಬುದು ಕಾಣುವುದಿಲ್ಲ. ಅವನು ಮತ್ತೆ ಕಣ್ಣಿಗೆ ಬೀಳುವುದು ರೈಲುನಿಲ್ದಾಣದಲ್ಲಿ, ಉದ್ಯಾನದಲ್ಲಿ ಮತ್ತು ಗ್ರಂಥಾಲಯದಲ್ಲಿ. ಇದರ ಜತೆಗೆ, ೧೯೫೫ರ ಸುಮಾರಿಗೆ ಐದೂವರೆ ಲಕ್ಷ ಮಂದಿ ಇದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಮುಂದಿನ ದಶಕಗಳಲ್ಲಿ ಖಾಲಿಯಾಗುತ್ತ ಬಂದವು. ಹೊರಬಂದವರಿಗೆ ಊರಿನಲ್ಲಿ ಸಿಗಬೇಕಾಗಿದ್ದ ಆರೈಕೆಯು ಸಾಕಷ್ಟು ಸಿಗಲಿಲ್ಲ.

ತಂಗುದಾಣಗಳು ಇರಲಿಲ್ಲವೆ ಎಂದು ಕೇಳಬಹುದು. ಇದ್ದವು. ನ್ಯೂಯಾರ್ಕಿನಲ್ಲಿ ೧೯೭೯ರಲ್ಲಿ ರಾಬರ್ಟ್ ಕ್ಯಾಲಹನ್ ಮೊದಲಾದ ವಸತಿಹೀನರ ಪರವಾಗಿ ಹೂಡಿದ ದಾವೆಯಿಂದ ೧೯೮೧ರಲ್ಲಿ ಒಂದು ಒಪ್ಪಂದದ ತೀರ್ಪಾಗಿ, ಆಶ್ರಯವನ್ನು ಬೇಡಿ ಬಂದ ವಸತಿಹೀನ ಪುರುಷರಿಗೆ ಮಲಗಲು ಎಡೆ ಕೊಡುವ ಹೊಣೆಯನ್ನು ನಗರವು ಹೊತ್ತಿತು. ಕೊರಿಯದ ಯುದ್ಧದಲ್ಲಿ ಹೋರಾಡಿದ್ದ ಕ್ಯಾಲಹನ್ ಆ ತೀರ್ಪು ಬರುವ ಮೊದಲೇ ಬೀದಿಯಲ್ಲಿ ಸತ್ತಿದ್ದನು. ಆದರೆ ತಂಗುದಾಣವು ಬಹುಮಟ್ಟಿಗೆ ರಾತ್ರಿಯ ಸಂಸ್ಥೆ. ಅನೇಕ ಊರುಗಳಲ್ಲಿ ಅದು ಸಂಜೆ ತೆರೆದು ಬೆಳಗ್ಗೆ ಮುಚ್ಚುತ್ತದೆ. ಬೆಳಗ್ಗೆ ಹೊರಬಿದ್ದವನಿಗೆ ಸಂಜೆಯವರೆಗೆ ಎಲ್ಲಿರಬೇಕೆಂದು ಯಾವ ಶಾಸನವೂ ಹೇಳುವುದಿಲ್ಲ. ಆ ಹತ್ತು ಹನ್ನೆರಡು ಗಂಟೆಗಳ ಅವಧಿಯಲ್ಲಿ, ಕಾಸು ಕೊಟ್ಟು ಏನನ್ನೂ ಕೊಳ್ಳದೆ ಕುಳಿತಿರಬಹುದಾದ ಬೆಚ್ಚನೆಯ ಸ್ಥಳ ಪಟ್ಟಣದಲ್ಲಿ ಒಂದೇ. ತಂಗುದಾಣದ ಸಮಯಪಟ್ಟಿಯೂ ಗ್ರಂಥಾಲಯದ ಸಮಯಪಟ್ಟಿಯೂ ಯಾರೂ ಯೋಚಿಸಿ ಹೊಂದಿಸದೆಯೇ ಹೀಗೆ ಒಂದಕ್ಕೊಂದು ಹೊಂದಿಕೊಂಡುವು.

ಹೀಗಿರಲಾಗಿ, ಮೈಯ ದುರ್ಗಂಧವನ್ನು ವರ್ತನೆಯೆಂದು ಎಣಿಸುವುದು ಹೇಗೆ ಸಾಧ್ಯ? ಗದ್ದಲ ಮಾಡುವವನು ಮಾಡದಿರಬಲ್ಲನು. ಸ್ನಾನದ ಕೋಣೆಯೇ ಇಲ್ಲದವನು ಮೀಯದಿರುವುದನ್ನು ಬಿಡಲಾರನು. ತೀರ್ಪು ಅವನಿಗೆ ಶುಚಿಯಾಗಿ ಮರಳಿ ಬರಬಹುದೆಂದು ಹೇಳಿತು. ಎಲ್ಲಿ ಶುಚಿಯಾಗಬೇಕೆಂದು ಹೇಳಲಿಲ್ಲ.

೬

ಇಲ್ಲಿ ಪ್ರತಿಪಕ್ಷದ ಮಾತನ್ನು ಗೌರವದಿಂದ ಕೇಳಬೇಕಾದುದು ಅಗತ್ಯ. ಗ್ರಂಥಾಲಯವು ಒಬ್ಬರ ಸ್ವತ್ತಲ್ಲವಾದ್ದರಿಂದಲೇ ಅದರಲ್ಲಿ ಇತರರ ಹಕ್ಕೂ ಇದೆ. ಪರೀಕ್ಷೆಗೆ ಓದುತ್ತಿರುವ ಹುಡುಗಿಯ ಹಿಂದೆ ಒಬ್ಬನು ಅಲೆಯುತ್ತಿದ್ದರೆ ಅವಳ ಭಯವು ಕಲ್ಪನೆಯಲ್ಲ. ಮೂಗು ಮುಚ್ಚಿಕೊಂಡು ಓದಲು ಯಾರಿಗೂ ಸಾಧ್ಯವಿಲ್ಲ. ಗ್ರಂಥಪಾಲಕನು ವೈದ್ಯನೂ ಅಲ್ಲ, ಆರಕ್ಷಕನೂ ಅಲ್ಲ. ಆದುದರಿಂದ ಕಿರುಕುಳವನ್ನು ನಿಷೇಧಿಸುವ ನಿಯಮವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆ ಭಾಗದಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಸರಿ. ದುರ್ವರ್ತನೆಗೆ ಬಡತನವು ಕ್ಷಮಾಪತ್ರವಲ್ಲ.

ನಮ್ಮ ಆಕ್ಷೇಪವಿರುವುದು ಉಳಿದ ಎರಡರ ವಿಷಯದಲ್ಲಿ. ಓದದೆ ಕುಳಿತವನು ಹೊರಡಬೇಕೆಂಬ ನಿಯಮವನ್ನೇ ತೆಗೆದುಕೊಳ್ಳೋಣ. ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುವ ವಿದ್ಯಾರ್ಥಿಯನ್ನು ನಾವೆಲ್ಲರೂ ನೋಡಿದ್ದೇವೆ. ಅಧ್ಯಾಪಕರೂ ಕೆಲವೊಮ್ಮೆ ಆ ಅಪರಾಧಕ್ಕೆ ಗುರಿಯಾಗಿರಬಹುದು. ಮಳೆ ನಿಲ್ಲಲೆಂದು ಒಳಗೆ ನಿಂತ ಗೃಹಸ್ಥನನ್ನು ಯಾರೂ ನೀವು ಏನನ್ನು ಓದುತ್ತಿದ್ದೀರಿ ಎಂದು ಕೇಳುವುದಿಲ್ಲ. ನಿಯಮದ ಮಾತು ಎಲ್ಲರಿಗೂ ಒಂದೇ. ಅದರ ಪ್ರಶ್ನೆ ಮಾತ್ರ ಒಬ್ಬನಿಗೆ. ಅಮೆರಿಕದ ಇತಿಹಾಸದಲ್ಲಿ ಇಂಥ ಪ್ರಶ್ನೆಗೆ ಹಳೆಯ ಹೆಸರೊಂದಿದೆ. ನಿಮಿತ್ತವಿಲ್ಲದೆ ಅಲೆಯುವವನನ್ನು, ಆದಾಯದ ಮೂಲ ಕಾಣದವನನ್ನು ಹಿಡಿದು ಶಿಕ್ಷಿಸುತ್ತಿದ್ದ ಅಲೆಮಾರಿತನದ ಕಾನೂನುಗಳೇ ಅವು. ಫ್ಲಾರಿಡದ ಜ್ಯಾಕ್ಸನ್‌ವಿಲ್ ನಗರದ ಅಂಥ ಶಾಸನವೊಂದನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೭೨ರಲ್ಲಿ, ಅಸ್ಪಷ್ಟತೆಯ ಕಾರಣದಿಂದ, ಅಸಿಂಧುವೆಂದು ಘೋಷಿಸಿತು. ಬೀದಿಯಲ್ಲಿ ಕೇಳಬಾರದೆಂದ ಪ್ರಶ್ನೆಯನ್ನು ಹದಿನೇಳು ವರ್ಷಗಳ ಮೇಲೆ ಓದುವ ಕೋಣೆಯಲ್ಲಿ ಕೇಳಲು ಮಾರಿಸ್‌ಟೌನಿನಲ್ಲಿ ಏರ್ಪಾಡಾಯಿತು.

ಅಸ್ಪಷ್ಟತೆಯ ಅಪಾಯವು ನಮ್ಮ ಕಲ್ಪನೆಯಲ್ಲವೆಂಬುದಕ್ಕೆ ನಂತರದ ಇನ್ನೊಂದು ಪ್ರಕರಣವೇ ಸಾಕ್ಷಿ. ವಾಷಿಂಗ್ಟನ್ ರಾಜಧಾನಿಯ ಸಾರ್ವಜನಿಕ ಗ್ರಂಥಾಲಯವು ಆಕ್ಷೇಪಾರ್ಹವಾದ ತೋರಿಕೆಯುಳ್ಳವರನ್ನು ತಡೆಯುವ ನಿಯಮವನ್ನು ಇಟ್ಟುಕೊಂಡಿತ್ತು. ಅದರ ಬಲದಿಂದ ೧೯೯೩ರಲ್ಲಿ ಒಬ್ಬ ವಸತಿಹೀನನನ್ನು ಬಾಗಿಲಲ್ಲಿಯೇ ತಿರುಗಿಸಿ ಕಳುಹಿಸಲಾಯಿತು. ೨೦೦೧ರಲ್ಲಿ ಅಲ್ಲಿಯ ಜಿಲ್ಲಾ ನ್ಯಾಯಸ್ಥಾನವು ಆ ನಿಯಮವನ್ನು ತಳ್ಳಿಹಾಕಿತು. ತೋರಿಕೆಯು ಆಕ್ಷೇಪಾರ್ಹವೇ ಎಂಬುದನ್ನು ಬಾಗಿಲ ಕಾವಲುಗಾರನ ಮನೋಧರ್ಮಕ್ಕೆ ಬಿಡಲಾಗದೆಂಬುದೇ ಅದರ ಸಾರ.

ತೆರಿಗೆಯ ವಾದವೊಂದು ಉಳಿಯಿತು. ಗ್ರಂಥಾಲಯವು ತೆರಿಗೆ ಕೊಡುವವರದು, ಮನೆಯೇ ಇಲ್ಲದವನು ಮನೆತೆರಿಗೆಯನ್ನು ಕೊಡುವುದೆಲ್ಲಿ ಎಂಬುದು ಆ ವಾದ. ನಮ್ಮಲ್ಲಿಯೂ ೧೯೬೫ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಭೂಮಿ ಮತ್ತು ಕಟ್ಟಡಗಳ ತೆರಿಗೆಯ ಮೇಲೆ ಗ್ರಂಥಾಲಯದ ಕರವನ್ನು ವಿಧಿಸಿದೆಯಾದ್ದರಿಂದ ಈ ವಾದವು ನಮಗೆ ಅಪರಿಚಿತವಲ್ಲ. ಆದರೆ ಕರವನ್ನು ಕಟ್ಟಡದ ಮೇಲೆ ಹಾಕಿದುದು ವಸೂಲಿಯ ಸೌಕರ್ಯಕ್ಕಾಗಿ. ವಾಚಕನ ಅರ್ಹತೆಯನ್ನು ಅಳೆಯುವುದಕ್ಕಾಗಿ ಅಲ್ಲ. ಹಾಗಲ್ಲದಿದ್ದರೆ ಬಾಲಕರೂ ವಿದ್ಯಾರ್ಥಿಗಳೂ ಮೊದಲು ಹೊರಹೋಗಬೇಕಾದೀತು.

೭

ಇನ್ನು ಚಲಚ್ಚಿತ್ರದ ಮಾತು. ಎಮಿಲಿಯೊ ಎಸ್ಟೆವೆಜ್ ಬರೆದು, ನಿರ್ದೇಶಿಸಿ, ನಾಯಕಪಾತ್ರವನ್ನೂ ವಹಿಸಿರುವ ‘ದಿ ಪಬ್ಲಿಕ್’ ಚಿತ್ರಕ್ಕೆ, ಸಾಲ್ಟ್ ಲೇಕ್ ನಗರದ ಗ್ರಂಥಾಲಯದಲ್ಲಿ ಅಧಿಕಾರಿಯಾಗಿದ್ದ ಚಿಪ್ ವಾರ್ಡ್ ಅವರ ೨೦೦೭ರ ಪ್ರಬಂಧವೊಂದು ಪ್ರೇರಣೆ. ಕಥೆ ನಡೆಯುವುದು ಸಿನ್ಸಿನಾಟಿಯ ಸಾರ್ವಜನಿಕ ಗ್ರಂಥಾಲಯದಲ್ಲಿ. ಕೊರೆಯುವ ಚಳಿಯ ರಾತ್ರಿಯೊಂದರಲ್ಲಿ ತಂಗುದಾಣಗಳು ತುಂಬಿಹೋಗಿರಲು, ಹಗಲೆಲ್ಲ ಅಲ್ಲಿ ಕಳೆದ ಎಪ್ಪತ್ತರಷ್ಟು ಮಂದಿ ವಸತಿಹೀನರು ಮುಚ್ಚುವ ಹೊತ್ತಿನಲ್ಲಿ ಹೊರಡಲೊಪ್ಪದೆ ಕುಳಿತುಬಿಡುತ್ತಾರೆ. ದುರ್ಗಂಧದ ಕಾರಣದಿಂದ ಹೊರಹಾಕಲ್ಪಟ್ಟ ಒಬ್ಬನು ಹೂಡಿದ ದಾವೆಯೂ ಕಥೆಯಲ್ಲಿ ಸೇರಿದ್ದು, ಮಾರಿಸ್‌ಟೌನಿನ ಪ್ರಕರಣವನ್ನು ಬಲ್ಲವರಿಗೆ ಅದು ಥಟ್ಟನೆ ನೆನಪಾಗುತ್ತದೆ.

ಚಿತ್ರದ ಪೂರ್ವಾರ್ಧವು ಪ್ರಶಂಸನೀಯ. ದಿನವೂ ಬರುವ ವಸತಿಹೀನರಿಗೂ ಗ್ರಂಥಪಾಲಕನಿಗೂ ನಡುವೆ ಬೆಳೆದಿರುವ ಸಲುಗೆ, ಅವರು ಕೇಳುವ ಪ್ರಶ್ನೆಗಳು, ಅವರ ತಿಳಿವಳಿಕೆ, ಎಲ್ಲವೂ ಆಡಂಬರವಿಲ್ಲದೆ ಮೂಡಿವೆ. ರಾತ್ರಿಗೂ ಹಗಲಿಗೂ ಇರುವ, ನಾವು ಮೇಲೆ ವಿವರಿಸಿದ, ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೃತಿ ವಿರಳ. ಆದರೆ ಉತ್ತರಾರ್ಧದಲ್ಲಿ ಚಿತ್ರದ ಗಮನವು ಜಾರುತ್ತದೆ. ಕಥೆಯು ಗ್ರಂಥಪಾಲಕನ ಪೂರ್ವವೃತ್ತಾಂತದ ಕಡೆಗೆ ತಿರುಗಿ, ಅವನೂ ಒಂದು ಕಾಲದಲ್ಲಿ ಮನೆಯಿಲ್ಲದವನಾಗಿದ್ದನೆಂಬ ರಹಸ್ಯವನ್ನು ಬಿಚ್ಚುತ್ತದೆ. ಅನುಕಂಪವು ನ್ಯಾಯವಾಗಬೇಕಾದರೆ ಅದು ಸ್ವಾನುಭವದಿಂದಲೇ ಹುಟ್ಟಬೇಕೆ? ಆ ಕಷ್ಟವನ್ನು ತಾನು ಪಡದ ಗ್ರಂಥಪಾಲಕನ ಕರ್ತವ್ಯವೇನೆಂಬುದೇ ನಿಜವಾದ ಪ್ರಶ್ನೆಯಾಗಿತ್ತು. ಎಡೆ ಸಾಲದಷ್ಟು ತಂಗುದಾಣಗಳನ್ನು ಏಕೆ ಇಟ್ಟರು, ಆ ಜನ ಮೊದಲು ಎಲ್ಲಿ ವಾಸವಾಗಿದ್ದರು ಎಂಬುದನ್ನು ಕೇಳುವ ಬದಲು, ಚುನಾವಣೆಗೆ ನಿಂತ ಒಬ್ಬ ಸರ್ಕಾರಿ ವಕೀಲನ ಕಪಟದ ಮೇಲೆ ಚಿತ್ರವು ಹೊಣೆಯನ್ನು ಹೊರಿಸುತ್ತದೆ. ಕೊನೆಗೆ ಎಲ್ಲರೂ ಬಟ್ಟೆ ಕಳಚಿ, ಹಾಡುತ್ತ, ನಿರಾಯುಧರೆಂದು ತೋರಿಸಿಕೊಂಡು ಶರಣಾಗುತ್ತಾರೆ. ದೃಶ್ಯವು ಮನಸ್ಸಿನಲ್ಲಿ ನಿಲ್ಲುತ್ತದೆ, ನಿಜ. ಆದರೆ ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಗ್ರಂಥಾಲಯದ ಬಾಗಿಲು ಮತ್ತೆ ತೆರೆಯುವಾಗ ಏನಾಗುವುದೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ತೀರ್ಪು ಮನುಷ್ಯನನ್ನು ಬಿಟ್ಟು ನಿಯಮವನ್ನು ನೋಡಿದರೆ, ಚಿತ್ರವು ನಗರವನ್ನು ಬಿಟ್ಟು ಮನುಷ್ಯನನ್ನು ನೋಡಿತು.

೮

ಈ ಎರಡಕ್ಕಿಂತಲೂ ಹೆಚ್ಚಿನ ವಿವೇಕವನ್ನು ತೋರಿಸಿದವರು ಕೆಲವು ಗ್ರಂಥಪಾಲಕರೇ. ಅಮೆರಿಕದ ಗ್ರಂಥಾಲಯ ಸಂಘವು ೧೯೯೦ರಲ್ಲಿ ಬಡವರಿಗೆ ಸಲ್ಲಬೇಕಾದ ಗ್ರಂಥಾಲಯಸೇವೆಯನ್ನು ಕುರಿತು ಒಂದು ಧೋರಣೆಯನ್ನು ಅಂಗೀಕರಿಸಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಗ್ರಂಥಾಲಯವು ೨೦೦೯ರಲ್ಲಿ ಒಬ್ಬ ಸಮಾಜಕಾರ್ಯಕರ್ತೆಯನ್ನು ನಿಯಮಿಸಿಕೊಂಡಿತು. ಬೀದಿಯ ಬಾಳನ್ನು ಕಂಡು ಬಂದವರನ್ನೇ ಸಹಾಯಕರನ್ನಾಗಿ ಇಟ್ಟುಕೊಂಡು, ಶೌಚಾಲಯದಲ್ಲಿ ಮೈ ತೊಳೆಯುವವನನ್ನು ಕಂಡಾಗ ಹೊರಹಾಕುವ ಮೊದಲು ಸ್ನಾನಕ್ಕೂ ವಸತಿಗೂ ಎಲ್ಲಿಗೆ ಹೋಗಬಹುದೆಂದು ತಿಳಿಸುವ ಏರ್ಪಾಡನ್ನು ಮಾಡಿತು. ಅದೇ ನಗರದಲ್ಲಿ ೨೦೧೪ರಲ್ಲಿ ಹಳೆಯ ಬಸ್ಸುಗಳನ್ನು ಸಂಚಾರಿ ಸ್ನಾನಗೃಹಗಳನ್ನಾಗಿ ಮಾರ್ಪಡಿಸಿ ಬೀದಿಗೆ ತಂದರು. ಬ್ರಾಡಕ್ಕಿನ ನೆಲಮಾಳಿಗೆಯು ಗಾಲಿಯ ಮೇಲೆ ಮರಳಿ ಬಂದಂತಾಯಿತು.

ಆದರೆ ಇದನ್ನೇ ಪರಿಹಾರವೆಂದು ಹೊಗಳಿ ನಿಲ್ಲುವುದು ಸರಿಯಲ್ಲ. ಗ್ರಂಥಾಲಯವು ಎಷ್ಟೇ ದಯೆ ತೋರಿದರೂ ಮನೆಯಾಗಲಾರದು. ನಗರವು ಕಳೆದುಕೊಂಡ ಅಗ್ಗದ ಕೋಣೆಗಳ ಲೆಕ್ಕವನ್ನು ಗ್ರಂಥಾಲಯದ ಕುರ್ಚಿಗಳಿಂದ ತುಂಬಿಕೊಡಲು ಆಗದು. ೨೦೨೪ರ ಜೂನಿನಲ್ಲಿ ಗ್ರ್ಯಾಂಟ್ಸ್ ಪಾಸ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ಸ್ಥಳದಲ್ಲಿ ಹೊದ್ದು ಮಲಗುವವರನ್ನು ದಂಡಿಸುವ ಊರಿನ ಶಾಸನಗಳು ಸಂವಿಧಾನವಿರುದ್ಧವಲ್ಲವೆಂದು ಆರಕ್ಕೆ ಮೂರರ ಬಹುಮತದಿಂದ ತೀರ್ಮಾನಿಸಿದೆ. ಮಲಗಲು ಬೇರೆ ಎಡೆ ಇದೆಯೇ ಎಂಬುದು ಅಲ್ಲಿಯೂ ನಿರ್ಣಾಯಕವಾಗಲಿಲ್ಲ. ಬೀದಿಯ ಬಾಗಿಲು ಕಿರಿದಾದಷ್ಟೂ ಗ್ರಂಥಾಲಯದ ಬಾಗಿಲ ಮೇಲೆ ಒತ್ತಡವು ಹೆಚ್ಚುವುದು ಸಹಜ.

ಈ ವಿಚಾರವು ನಮಗೆ ದೂರದ್ದೆಂದು ವಾಚಕರು ಎಣಿಸಬಾರದು. ೨೦೧೧ರ 
ಜನಗಣತಿಯಲ್ಲಿ ಭಾರತದ ಮನೆಯಿಲ್ಲದವರ ಸಂಖ್ಯೆ ಹದಿನೇಳು ಲಕ್ಷವನ್ನು ಮೀರಿತ್ತು. ಅವರಲ್ಲಿ ಒಂಬತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳು. ದೆಹಲಿಯಲ್ಲಿ ೨೦೦೯ರ ಚಳಿಗಾಲದಲ್ಲಿ ತಂಗುದಾಣವೊಂದನ್ನು ಕೆಡವಿದ ಮೇಲೆ ಪ್ರಶ್ನೆಯು ನಮ್ಮ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಪಟ್ಟಣದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಗೆ ಸಾಲುವ ಒಂದು ಶಾಶ್ವತ ತಂಗುದಾಣವಿರಬೇಕು, ಅದು ವರ್ಷವಿಡೀ ಹಗಲೂ ರಾತ್ರಿಯೂ ತೆರೆದಿರಬೇಕು ಎಂಬುದು ೨೦೧೩ರಲ್ಲಿ ಆರಂಭವಾದ ಕೇಂದ್ರಸರ್ಕಾರದ ಯೋಜನೆಯ ಅಳತೆ. ಹಗಲೂ ತೆರೆದಿರಬೇಕೆಂಬ ಆ ಒಂದು ಮಾತಿನಲ್ಲಿ ಅಮೆರಿಕದ ಅನುಭವವು ಕಲಿಸುವ ಪಾಠವೇ ಅಡಗಿದೆ. ಬರೆದುದು ಎಷ್ಟರಮಟ್ಟಿಗೆ ನಡೆದಿದೆ ಎಂಬುದನ್ನು ಆಯಾ ಊರಿನಲ್ಲಿ ನಿಂತು ಪರೀಕ್ಷಿಸಬೇಕು.

ನಮ್ಮ ಹಿರಿಯರು ದಾರಿಯ ಬದಿಯಲ್ಲಿ ಛತ್ರಗಳನ್ನೂ ಅರವಟ್ಟಿಗೆಗಳನ್ನೂ ಕಟ್ಟಿದರೆಂದು ನಾವು ಹೆಮ್ಮೆಪಡುತ್ತೇವೆ. ಅವುಗಳಲ್ಲಿ ಹಲವು ಬಂದವನ ಜಾತಿಯನ್ನು ಕೇಳಿಯೇ ಒಳಗೆ ಬಿಟ್ಟವೆಂಬುದನ್ನೂ ಇತಿಹಾಸವು ಮರೆಮಾಚುವಂತಿಲ್ಲ. ಸಾರ್ವಜನಿಕ ಗ್ರಂಥಾಲಯವು ನಮ್ಮ ನಾಡಿಗೆ ತಂದ ಹೊಸತನವೆಂದರೆ ಆ ಪ್ರಶ್ನೆಯನ್ನು ಕೇಳದ ಬಾಗಿಲು. ಜಾತಿಯ ಸ್ಥಾನದಲ್ಲಿ ಬಟ್ಟೆಯನ್ನೂ ಮೈಯನ್ನೂ ನೋಡಿ ಕೇಳುವ ಇನ್ನೊಂದು ಪ್ರಶ್ನೆಯು ಬಂದು ನಿಲ್ಲದಂತೆ ಎಚ್ಚರ ವಹಿಸಬೇಕಾಗಿದೆ.

ಕೊನೆಯದಾಗಿ ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಗ್ರಂಥಾಲಯಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ದಾನಿಗಳ ಹೆಸರನ್ನೂ ಪುಸ್ತಕಗಳ ಸಂಖ್ಯೆಯನ್ನೂ ಕೊಟ್ಟು ತೃಪ್ತರಾಗುತ್ತಾರೆ. ಗೋಡೆಯ ಮೇಲೆ ತೂಗುಹಾಕಿದ ನಿಯಮಗಳ ಹಲಗೆಯನ್ನು, ಹಳೆಯ ದೂರುಗಳ ಕಡತವನ್ನು, ಓದುವ ಕೋಣೆಯ ತೆರೆಯುವ ಮುಚ್ಚುವ ವೇಳೆಯ ಪಟ್ಟಿಯನ್ನು ಯಾರೂ ಆಕರವೆಂದು ಎಣಿಸುವುದಿಲ್ಲ. ಒಂದು ಊರು ಸಾರ್ವಜನಿಕರೆಂದು ಯಾರನ್ನು ಕರೆಯಿತು, ಯಾರನ್ನು ಕರೆಯಲಿಲ್ಲ ಎಂಬುದು ನಿಚ್ಚಳವಾಗಿ ಬರೆದಿರುವುದು ಅಲ್ಲಿಯೇ. ತಮ್ಮ ಜಿಲ್ಲೆಯ ಒಂದು ಗ್ರಂಥಾಲಯದ ನಿಯಮಗಳ ಚರಿತ್ರೆಯನ್ನಾದರೂ ಯಾರಾದರೊಬ್ಬರು ಶ್ರದ್ಧೆಯಿಂದ ಸಂಗ್ರಹಿಸಿದರೆ, ಈ ಲೇಖನದ ಶ್ರಮವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.